ತಲೆಗಳ ಲೆಕ್ಕ, ಕೊಡಗಳ ಲೆಕ್ಕ

ಪ್ರತಿ ವರ್ಷ ಜುಲೈ 11ರಂದು ವಿಶ್ವ ಜನಸಂಖ್ಯಾ ದಿನಾಚರಣೆಯ ನಿಮಿತ್ತ ಶಾಲೆ, ಕಾಲೇಜು, ಸರ್ಕಾರಿ ಕಚೇರಿಗಳಲ್ಲಿ ಭಾಷಣಗಳಾಗುತ್ತವೆ. ಜನ ಹೆಚ್ಚಾದುದರಿಂದ ನೀರು ಸಾಲದು, ಭೂಮಿ ಸಾಲದು, ಉದ್ಯೋಗ ಸಾಲದು ಎಂಬುದು ಅವುಗಳ ಒಟ್ಟು ಸಾರ. ನಮ್ಮ ವ್ಯಾಪಾರಸ್ಥ ಬಾಂಧವರೂ ಇದಕ್ಕೆ ಹೊರತಲ್ಲ. ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತು ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾಯುವಾಗ ‘ಜನ ವಿಪರೀತ ಆಗಿಬಿಟ್ಟಿತು’ ಎಂದು ನಿಟ್ಟುಸಿರು ಬಿಡುತ್ತೇವೆ. ಅದೇ ಗಾದಿಯ ಮೇಲೆ, ಅದೇ ದಿನ, ಹಮಾಲರು ಸಿಗುತ್ತಿಲ್ಲ, ಮಗ್ಗಕ್ಕೆ ಕೂಡ್ರುವವರಿಲ್ಲ, ಜಿನ್ನಿಂಗ್ ಫ್ಯಾಕ್ಟರಿಗೆ ಹೊರರಾಜ್ಯದಿಂದ ಆಳುಗಳನ್ನು ಕರೆತರಬೇಕಾಗಿದೆ ಎಂದೂ ಗೊಣಗುತ್ತೇವೆ. ಈ ಎರಡೂ ಮಾತುಗಳು ಏಕಕಾಲಕ್ಕೆ ಪೂರ್ಣ ಸತ್ಯವಾಗಿರಲು ಸಾಧ್ಯವಿಲ್ಲ. ನಾನು ಕೂಡ ಹಲವು ವರ್ಷ ಎರಡನ್ನೂ ಆಡಿದವನೇ. ಆದ್ದರಿಂದ ಈ ತಿಂಗಳ ಸಂಚಿಕೆಯಲ್ಲಿ ಸ್ವಲ್ಪ ಲೆಕ್ಕ ಬಿಡಿಸಿ ನೋಡಲು ಸದಸ್ಯ ಮಿತ್ರರ ಅನುಮತಿಯನ್ನು ಬೇಡುತ್ತೇನೆ. ಲೆಕ್ಕವೆಂದರೆ ನಮಗಾರಿಗೂ ಬೇಸರವಿರಲಾರದು.

ಮೊದಲು ತಲೆಗಳ ಲೆಕ್ಕ. 2001ರ ಜನಗಣತಿಯಲ್ಲಿ ಗದಗ ಜಿಲ್ಲೆಯ ಜನಸಂಖ್ಯೆ 9,71,835, 2011ರಲ್ಲಿ 10,64,570. ಹತ್ತು ವರ್ಷಗಳಲ್ಲಿ ಆದ ಏರಿಕೆ ಸುಮಾರು ಶೇ. 9.5. ಅದೇ ಅವಧಿಯಲ್ಲಿ ಇಡೀ ಕರ್ನಾಟಕದ ಏರಿಕೆ ಶೇ. 15.6. ಗದಗ-ಬೆಟಗೇರಿ ಅವಳಿ ನಗರದ ಜನಸಂಖ್ಯೆ ಸುಮಾರು 1.55 ಲಕ್ಷದಿಂದ ಸುಮಾರು 1.72 ಲಕ್ಷಕ್ಕೆ ಏರಿತು. ಇದೇ ದಶಕದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹಾರಿತು, ಅಂದರೆ ಶೇ. 47. ನಮ್ಮ ಮುಂಡರಗಿ, ಶಿರಹಟ್ಟಿ ಕಡೆಯ ದುಡಿಯುವ ಕುಟುಂಬಗಳು ಗೋವೆ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗುವುದು ಹೊಸ ಸಂಗತಿಯೇನೂ ಅಲ್ಲ. ನಮ್ಮ ಜಿಲ್ಲೆಯು ಜನರನ್ನು ತುಂಬಿಕೊಳ್ಳುತ್ತಿರುವುದಕ್ಕಿಂತ ಹೊರಗೆ ಕಳಿಸುತ್ತಿರುವುದೇ ಹೆಚ್ಚೆಂದು ಈ ಅಂಕಿಗಳನ್ನು ನೋಡಿದವರಿಗೆ ತೋರುತ್ತದೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಲ್ಪಟ್ಟು, 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ಎಣಿಕೆ ನಡೆಸಲು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. ಆ ಅಂಕಿಗಳು ಕೈಸೇರುವವರೆಗೆ ಹಳೆಯ ಲೆಕ್ಕದ ಮೇಲೆಯೇ ಮಾತನಾಡಬೇಕಾಗಿದೆ.

ಹೆರಿಗೆಯ ಪ್ರಮಾಣವಂತೂ ನಮ್ಮ ಹಿರಿಯರು ಊಹಿಸದಷ್ಟು ಇಳಿದಿದೆ. 1930ರಲ್ಲಿಯೇ ಮೈಸೂರು ಸಂಸ್ಥಾನವು ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿಗೇ ಮೇಲ್ಪಂಕ್ತಿ ಹಾಕಿತು. ಸ್ವತಂತ್ರ ಭಾರತವು 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಕೈಕೊಂಡಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ದೇಶದ ಸರಾಸರಿ 2.0. ಒಂದು ಪೀಳಿಗೆಯ ಜಾಗವನ್ನು ಮುಂದಿನ ಪೀಳಿಗೆ ತುಂಬಲು 2.1 ಬೇಕೆನ್ನುತ್ತಾರೆ. ಅದಕ್ಕಿಂತ ನಾವು ಕೆಳಗಿಳಿದಾಗಿದೆ. ಈಗಾಗಲೇ ಹುಟ್ಟಿ ಪ್ರಾಯಕ್ಕೆ ಬಂದವರ ಸಂಖ್ಯೆ ದೊಡ್ಡದಾಗಿರುವುದರಿಂದ ಒಟ್ಟು ಜನಸಂಖ್ಯೆ ಇನ್ನೂ ಕೆಲಕಾಲ ಏರುವುದು ನಿಜ. ಆದರೆ ಏರಿಕೆಯ ಮೂಲ ಬತ್ತುತ್ತಿದೆ.

ಹಾಗೆಂದು ತಲೆಗಳ ಲೆಕ್ಕಕ್ಕೆ ಬೆಲೆಯೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. 2022ರ ನವೆಂಬರ್ 15ಕ್ಕೆ ಜಗತ್ತಿನ ಜನಸಂಖ್ಯೆ 800 ಕೋಟಿ ತಲುಪಿತೆಂದು ವಿಶ್ವಸಂಸ್ಥೆ ಸಾರಿತು. 2023ರಲ್ಲಿ ಭಾರತವು ಚೀನಾವನ್ನು ಹಿಂದೆ ಹಾಕಿತು. ಕೇಂದ್ರ ಸರ್ಕಾರದ ಅಂದಾಜಿನಂತೆ ನಮ್ಮ ದೇಶದಲ್ಲಿ ತಲಾ ವಾರ್ಷಿಕ ನೀರಿನ ಲಭ್ಯತೆ 1951ರಲ್ಲಿ 5,177 ಘನಮೀಟರ್ ಇದ್ದದ್ದು 2011ರಲ್ಲಿ 1,545ಕ್ಕೆ ಇಳಿಯಿತು. ಮಳೆ ಅಷ್ಟೇ, ಪಾಲುದಾರರು ಹೆಚ್ಚು. ಈ ಭಾಗಾಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ದೇಶದ ಸರಾಸರಿಯನ್ನು ಹಿಡಿದುಕೊಂಡು ನಮ್ಮ ಊರಿನ ನಳದ ಸ್ಥಿತಿಯನ್ನು ವಿವರಿಸಹೊರಟರೆ ಲೆಕ್ಕ ತಪ್ಪುತ್ತದೆ. ಹೇಗೆಂಬುದನ್ನು ನೋಡೋಣ.

ಒಳಚರಂಡಿ ಇರುವ ಪಟ್ಟಣಗಳಲ್ಲಿ ಪ್ರತಿಯೊಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಒದಗಿಸಬೇಕೆಂಬುದು ಸರ್ಕಾರಿ ಮಾನದಂಡ. ಅವಳಿ ನಗರದ ಜನಸಂಖ್ಯೆಯನ್ನು ಈಗ ಧಾರಾಳವಾಗಿ ಎರಡು ಲಕ್ಷವೆಂದೇ ಹಿಡಿಯೋಣ. ದಿನಕ್ಕೆ 2.7 ಕೋಟಿ ಲೀಟರ್. ವರ್ಷಕ್ಕೆ ಸುಮಾರು 985 ಕೋಟಿ ಲೀಟರ್. ಅಂಕಿ ದೊಡ್ಡದಾಗಿ ಕಾಣುತ್ತದೆ. ಆದರೆ ನದಿಯ ಲೆಕ್ಕವನ್ನು ಟಿ.ಎಂ.ಸಿ.ಯಲ್ಲಿ ಹಾಕುತ್ತಾರಲ್ಲವೇ? ಒಂದು ಟಿ.ಎಂ.ಸಿ. ಎಂದರೆ ಸುಮಾರು 2,830 ಕೋಟಿ ಲೀಟರ್. ಹಾಗಾದರೆ ಇಡೀ ಗದಗ-ಬೆಟಗೇರಿಯ ಪ್ರತಿಯೊಂದು ಮನೆಗೂ ವರ್ಷವಿಡೀ ಪೂರ್ಣ ಪ್ರಮಾಣದಲ್ಲಿ ನೀರು ಕೊಡಲು ಬೇಕಾದದ್ದು 0.35 ಟಿ.ಎಂ.ಸಿ. ಮಾತ್ರ! ದಾರಿಯಲ್ಲಿ ಮೂರನೆಯ ಒಂದು ಪಾಲು ಸೋರಿಹೋಗುವುದೆಂದು ಭಾವಿಸಿದರೂ ಅರ್ಧ ಟಿ.ಎಂ.ಸಿ.ಗಿಂತ ತುಸುವೇ ಹೆಚ್ಚಿನಲ್ಲಿ ಮುಗಿಯುತ್ತದೆ. ಈ ಗುಣಾಕಾರವನ್ನು ನಾನು ಮೊದಲ ಸಲ ಮಾಡಿದಾಗ ಎಲ್ಲಿಯೋ ಸೊನ್ನೆ ತಪ್ಪಿತೆಂದು ಮತ್ತೆ ಮಾಡಿದೆ. ತಪ್ಪಿರಲಿಲ್ಲ.

ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಡಬೇಕು. ಹೊಸಪೇಟೆಯ ತುಂಗಭದ್ರಾ ಜಲಾಶಯ 1953ರಲ್ಲಿ ನೀರು ತುಂಬಿಕೊಂಡಾಗ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಇಂದು ಅದು ಸುಮಾರು 105ಕ್ಕೆ ಇಳಿದಿದೆ. ಇಪ್ಪತ್ತೇಳು ಟಿ.ಎಂ.ಸಿ.ಯಷ್ಟು ಜಾಗವನ್ನು ಹೂಳು ನುಂಗಿದೆ. ಆ ಜಾಗದಲ್ಲಿ ಒಮ್ಮೆ ನಿಲ್ಲುತ್ತಿದ್ದ ನೀರು ನಮ್ಮ ಅವಳಿ ನಗರಕ್ಕೆ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಸಾಕಾಗುತ್ತಿತ್ತು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿಯು ಕರ್ನಾಟಕಕ್ಕೆ ಹಂಚಿಕೆ ಮಾಡಿದ್ದು 13.42 ಟಿ.ಎಂ.ಸಿ.; ಅದಕ್ಕಾಗಿ ನರಗುಂದ, ನವಲಗುಂದ ಭಾಗದ ರೈತರು 2015ರಿಂದ ವರ್ಷಾನುಗಟ್ಟಲೆ ಧರಣಿ ಕುಳಿತರು. ಅದರ ಇಮ್ಮಡಿಯಷ್ಟನ್ನು ಹೂಳು ಸದ್ದಿಲ್ಲದೆ ಕಬಳಿಸಿದಾಗ ಒಂದು ಬಂದ್ ಕೂಡ ಆಗಲಿಲ್ಲ. ಹೂಳಿಗೆ ವಿರೋಧ ಪಕ್ಷವಿಲ್ಲ. ಈ ಜಲಾಶಯದ ನೀರು ನಮ್ಮ ಊರಿಗೆ ಬರುವುದಲ್ಲ, ಅದು ಅಂತರರಾಜ್ಯ ಹಂಚಿಕೆಗೆ ಒಳಪಟ್ಟದ್ದು ಎಂಬ ಆಕ್ಷೇಪಣೆ ಸರಿಯಾದುದೇ. ಸಂಪನ್ಮೂಲ ಕುಗ್ಗುವುದಕ್ಕೆ ಜನ ಹೆಚ್ಚಬೇಕೆಂದೇನೂ ಇಲ್ಲ ಎಂಬುದನ್ನು ತೋರಿಸಲು ಮಾತ್ರ ಈ ಹೋಲಿಕೆ.

ಹಾಗಿದ್ದರೆ ತುಂಗಭದ್ರೆಯು ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿ ಹರಿಯುತ್ತಿದ್ದರೂ, ಹಮ್ಮಿಗಿಯ ಬಳಿ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜ್ ಕಟ್ಟಲ್ಪಟ್ಟು ಅಲ್ಲಿಂದ ಅವಳಿ ನಗರಕ್ಕೆ ಕುಡಿಯುವ ನೀರು ಬರುತ್ತಿದ್ದರೂ, ಬೇಸಿಗೆಯಲ್ಲಿ ನಳಕ್ಕೆ ನೀರು ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ಪರಿಸ್ಥಿತಿ ಏಕೆ? ನದಿಯಲ್ಲಿ ನೀರು ಇರುವುದು ಬೇರೆ, ಅದು ಬೇಕಾದ ದಿನ ಬೇಕಾದ ಎತ್ತರಕ್ಕೆ ಏರಿ ಬರುವುದು ಬೇರೆ. ಹತ್ತಾರು ಕಿಲೋಮೀಟರ್ ದೂರದಿಂದ ವಿದ್ಯುತ್ ಖರ್ಚು ಮಾಡಿ ಎತ್ತಿ ತಂದ ನೀರಿದು. ಕರೆಂಟು ಹೋದರೆ ನಿಲ್ಲುತ್ತದೆ. ಪೈಪು ಒಡೆದರೆ ನಿಲ್ಲುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹರಿವು ನಿಂತರೆ ಬ್ಯಾರೇಜಿನಲ್ಲಿ ಇದ್ದಷ್ಟೇ ನೀರು. ಎಂಟು-ಹತ್ತು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಪ್ರತಿ ಮನೆಯೂ ಸಿಕ್ಕ ಸಿಂಟೆಕ್ಸ್, ಬ್ಯಾರಲ್, ಹೊಂಡಗಳಿಗೆಲ್ಲ ತುಂಬಿಕೊಳ್ಳುತ್ತದೆ. ಮುಂದಿನ ಸರದಿ ಬಂದಾಗ ಉಳಿದದ್ದನ್ನು ಹಳೆಯ ನೀರೆಂದು ಚರಂಡಿಗೆ ಚೆಲ್ಲುತ್ತದೆ. ಇದರ ಜೊತೆಗೆ ಒಂದು ಸಾಮಾಜಿಕ ಸಂಗತಿಯೂ ಇದೆ. ಮೊದಲು ಒಂದೇ ಅಂಗಳದಲ್ಲಿದ್ದ ಅಣ್ಣತಮ್ಮಂದಿರು ಇಂದು ಮೂರು ಬಡಾವಣೆಗಳಲ್ಲಿ ಮೂರು ಮನೆ ಕಟ್ಟಿಕೊಂಡಿದ್ದಾರೆ. ತಲೆಗಳು ಅಷ್ಟೇ, ನಳ ಮೂರು, ಟ್ಯಾಂಕು ಮೂರು, ಕೊಳವೆ ಬಾವಿ ಮೂರು.

ಕೊಳವೆ ಬಾವಿಯ ಕಥೆಯಂತೂ ಎಲ್ಲರಿಗೂ ಗೊತ್ತಿದ್ದದ್ದೇ. ಆಳಕ್ಕೆ ಹೋದಷ್ಟೂ ಖರ್ಚು ಹೆಚ್ಚು, ನೀರು ಕಡಿಮೆ. ಮುಂಡರಗಿ ಭಾಗದಲ್ಲಿ ಅದರ ಜೊತೆಗೆ ಫ್ಲೋರೈಡ್.

ನೀರಿನ ನಿಜವಾದ ದೊಡ್ಡ ಗಿರಾಕಿ ಯಾರು? ಮನೆಯಲ್ಲ; ಹೊಲ. ಒಂದು ಎಕರೆ ಕಬ್ಬು ಬೆಳೆದು ಕಟಾವಿಗೆ ಬರಲು ಕಡಿಮೆಯೆಂದರೂ ಅರುವತ್ತು ಲಕ್ಷ ಲೀಟರ್ ನೀರು ಬೇಕು. ದಿನಕ್ಕೆ 135 ಲೀಟರ್‌ನಂತೆ ಒಬ್ಬ ನಾಗರಿಕನಿಗೆ ವರ್ಷಕ್ಕೆ ಬೇಕಾದದ್ದು ಸುಮಾರು 49 ಸಾವಿರ ಲೀಟರ್. ಅಂದರೆ ಒಂದು ಎಕರೆ ಕಬ್ಬಿನ ನೀರಿನಲ್ಲಿ ನೂರಿಪ್ಪತ್ತು ಜನರ ಒಂದು ವರ್ಷದ ಬಾಳು ನಡೆಯುತ್ತದೆ. ನಮ್ಮ ಎರೆ ಭೂಮಿಯ ಹಿಂಗಾರಿ ಜೋಳ, ಕಡಲೆಗಳು ಭೂಮಿಯ ಹಸಿಯ ಮೇಲೆಯೇ ಬದುಕುತ್ತವೆ. ಮಳೆ ಚೆನ್ನಾಗಿ ಆದ ವರ್ಷ ಒಂದು ಹನಿ ನದಿ ನೀರನ್ನೂ ಬೇಡುವುದಿಲ್ಲ. ಆದಾಗ್ಯೂ ನದಿದಂಡೆಯ ರೈತ ಕಬ್ಬಿಗೆ ಒಲಿಯುವುದೇಕೆ? ಕಬ್ಬಿಗೆ ಸರ್ಕಾರ ನಿಗದಿಪಡಿಸಿದ ದರವಿದೆ, ಕೊಳ್ಳುವ ಕಾರ್ಖಾನೆಯಿದೆ. ಜೋಳಕ್ಕೂ ಬೆಂಬಲ ಬೆಲೆ ಕಾಗದದ ಮೇಲಿದೆ. ಉಳ್ಳಾಗಡ್ಡಿಯಂತೂ ಬೆಳೆದವನನ್ನು ಒಂದು ವರ್ಷ ಕುದುರೆಯ ಮೇಲೆ ಕೂಡ್ರಿಸಿ ಇನ್ನೊಂದು ವರ್ಷ ರಸ್ತೆಗೆ ಸುರಿಯುವಂತೆ ಮಾಡುತ್ತದೆ. ಈ ದರದ ಏರಿಳಿತದಲ್ಲಿ ನಮ್ಮ ದಲಾಲಿ ವರ್ಗದ ಪಾಲೂ ಇದೆಯೆಂಬುದನ್ನು ಒಪ್ಪಿಕೊಳ್ಳದೆ ರೈತನಿಗೆ ಬೆಳೆ ಬದಲಿಸೆಂದು ಉಪದೇಶಿಸುವ ಹಕ್ಕು ನಮಗಿಲ್ಲ. ಕಡಲೆ, ಹೆಸರು, ಶೇಂಗಾಗಳಿಗೆ ನಮ್ಮ ಮಾರುಕಟ್ಟೆಯಲ್ಲಿ ಸ್ಥಿರವಾದ ಖರೀದಿ ಸಿಕ್ಕರೆ ಅದು ನೀರಿನ ಉಳಿತಾಯವೂ ಹೌದು. ಇದನ್ನು ಯಾವ ಜಲತಜ್ಞನೂ ಹೇಳುವುದಿಲ್ಲ, ನಾವೇ ಹೇಳಬೇಕು.

ಚರಿತ್ರೆಯತ್ತ ಒಮ್ಮೆ ತಿರುಗಿದರೆ ಇದೇ ಪಾಠ ಬೇರೆ ರೀತಿಯಲ್ಲಿ ಕಾಣುತ್ತದೆ. 1876-78ರ ಮಹಾಕ್ಷಾಮದ ಕಾಲಕ್ಕೆ ಗದಗ ತಾಲ್ಲೂಕು ಧಾರವಾಡ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ ಜನಸಂಖ್ಯೆ 1872ರ ಎಣಿಕೆಗಿಂತ 1881ರ ಎಣಿಕೆಯಲ್ಲಿ ಸುಮಾರು ಒಂದು ಲಕ್ಷ ಕಡಿಮೆಯಾಯಿತು. ಇಂದಿನ ಜನಸಂಖ್ಯೆಯ ಒಂದು ಸಣ್ಣ ಪಾಲು ಮಾತ್ರ ಇದ್ದ ಕಾಲವದು. ಜನ ಕಡಿಮೆ ಇದ್ದುದು ಅವರನ್ನು ಕಾಯಲಿಲ್ಲ. ಮಳೆ ಕೈಕೊಟ್ಟಿತು, ಧಾನ್ಯ ಇದ್ದೆಡೆಯಿಂದ ಇಲ್ಲದೆಡೆಗೆ ಬರಲು ಎತ್ತಿನ ಬಂಡಿಯ ಹೊರತು ಗತಿಯಿರಲಿಲ್ಲ, ಬಂದ ಧಾನ್ಯವನ್ನು ಕೊಳ್ಳಲು ಬಡವನ ಕೈಯಲ್ಲಿ ಕಾಸಿರಲಿಲ್ಲ. ಆ ಕ್ಷಾಮದ ಅನುಭವದಿಂದಲೇ ಸದರ್ನ್ ಮರಾಠಾ ರೈಲ್ವೆಯ ಮಾರ್ಗಗಳಿಗೆ ಮಂಜೂರಾತಿ ದೊರೆತು, 1884ರಲ್ಲಿ ಗದಗಿಗೆ ರೈಲು ಬಂತು. ನಮ್ಮ ಅರಳೆಯ ಅಂಡಿಗೆಗಳನ್ನು ಮುಂಬಯಿಗೆ ಒಯ್ದು ಈ ಪೇಟೆಯನ್ನು ಪೇಟೆಯನ್ನಾಗಿ ಮಾಡಿದ ರೈಲು ಹುಟ್ಟಿದ್ದು ಬರಗಾಲದಲ್ಲಿ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘವೂ ಸಾಲದ ಶೂಲಕ್ಕೆ ಊರಿನವರೇ ಕಂಡುಕೊಂಡ ಉತ್ತರ.

ಇನ್ನೂ ಹಿಂದಕ್ಕೆ ಹೋದರೆ ಲಕ್ಕುಂಡಿ. ನೂರೊಂದು ಗುಡಿ, ನೂರೊಂದು ಬಾವಿ ಎಂಬುದು ಅಲ್ಲಿಯ ಜನರ ಮಾತು. ಸಂಖ್ಯೆ ಅಕ್ಷರಶಃ ಸರಿಯೇ ಎಂಬುದು ಇಲ್ಲಿ ಮುಖ್ಯವಲ್ಲ. ಟಂಕಸಾಲೆಯಿದ್ದ, ವರ್ತಕರು ತುಂಬಿದ್ದ ಪಟ್ಟಣವೊಂದು ತನ್ನ ಕಾಲಡಿಯ ನೆಲದಿಂದಲೇ ನೀರು ಪಡೆಯುವ ವ್ಯವಸ್ಥೆಯನ್ನು ಗುಡಿಯಷ್ಟೇ ಶ್ರದ್ಧೆಯಿಂದ ಕಲ್ಲಿನಲ್ಲಿ ಕಟ್ಟಿಕೊಂಡಿತ್ತು ಎಂಬುದು ಮುಖ್ಯ. ಗದಗಿಗೆ ಭೀಷ್ಮ ಕೆರೆ, ಡಂಬಳಕ್ಕೆ ಅದರ ದೊಡ್ಡ ಕೆರೆ, ಹೀಗೆ ಪ್ರತಿ ಊರಿಗೂ ಒಂದು ಆಸರೆಯಿತ್ತು. ದೂರದ ನದಿಯ ಪೈಪು ಬಂದ ಮೇಲೆ ಹತ್ತಿರದ ಕೆರೆಯ ಕಡೆಗೆ ಯಾರೂ ಕಣ್ಣು ಹಾಯಿಸಲಿಲ್ಲ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಅದೃಷ್ಟ ಬೇರೆ. ಮಳೆ ನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಕಟ್ಟಿದ ಕೆರೆಯದು. ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಬಂದವು. 2024ರ ಆರಂಭದಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ಕೆರೆಯ ಬೆಲೆಯನ್ನು ನಮಗೆ ತಿಳಿಸಲು ಸಾವಿರಾರು ಮೈಲಿಯಿಂದ ಹಕ್ಕಿಗಳು ಬರಬೇಕಾಯಿತು!

ಉದ್ಯಮಿಗಳಾದ ನಮಗೆ ಇಲ್ಲಿ ಒಂದು ಇಕ್ಕಟ್ಟಿನ ಪ್ರಶ್ನೆಯಿದೆ, ಅದನ್ನು ಬಳಸಿಕೊಂಡು ಹೋಗುವುದು ಸರಿಯಲ್ಲ. 2010ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಯ ಪ್ರಸ್ತಾಪ ಬಂದಾಗ ನಮ್ಮಲ್ಲಿ ಅನೇಕರು ಹಿಗ್ಗಿದರು; ನಾನೂ ಹಿಗ್ಗಿದವರಲ್ಲೊಬ್ಬ. ಸಾವಿರಾರು ಎಕರೆ ಫಲವತ್ತಾದ ಭೂಮಿಯನ್ನು ಬಿಡಲು ರೈತರು ಒಪ್ಪಲಿಲ್ಲ. ಗದುಗಿನ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ಅವರ ಬೆನ್ನಿಗೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಮುಂದೆ ಕಪ್ಪತಗುಡ್ಡದ ಸರದಿ. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಣೆ, 2016ರಲ್ಲಿ ಅದರ ರದ್ದತಿ, ಜನರ ಹೋರಾಟದ ತರುವಾಯ 2017ರಲ್ಲಿ ಮತ್ತೆ ಘೋಷಣೆ, ಕೊನೆಗೆ 2019ರಲ್ಲಿ ವನ್ಯಜೀವಿ ಧಾಮ. ಜಿಲ್ಲೆ ಹಿಂದುಳಿಯುತ್ತದೆ, ಉದ್ಯೋಗವಿಲ್ಲದೆ ಯುವಕರು ಗುಳೆ ಹೋಗುತ್ತಾರೆ ಎಂಬ ಅಂದಿನ ನಮ್ಮ ಅಳಲು ಸುಳ್ಳಾಗಿರಲಿಲ್ಲ, ಇಂದಿಗೂ ಸುಳ್ಳಲ್ಲ. ಆದರೆ ಒಬ್ಬನೇ ಒಬ್ಬ ಸದಸ್ಯನೂ, ನನ್ನನ್ನೂ ಸೇರಿಸಿ, ‘ಈ ಕಾರ್ಖಾನೆಗೆ ದಿನಕ್ಕೆ ಎಷ್ಟು ನೀರು ಬೇಕು, ಅದು ಯಾರ ಪಾಲಿನದು’ ಎಂದು ನಮ್ಮ ಸಭೆಯಲ್ಲಿ ಎದ್ದು ಕೇಳಿದ ನೆನಪು ನನಗಿಲ್ಲ. ಯಾವುದೇ ಹೊಸ ಉದ್ಯಮವನ್ನು ಸ್ವಾಗತಿಸುವ ಮುನ್ನ ವಾಣಿಜ್ಯ ಸಂಸ್ಥೆಯೇ ಮೊದಲು ಈ ಪ್ರಶ್ನೆ ಕೇಳುವಂತಾದರೆ ಹೋರಾಟಗಾರರಿಗೂ ನಮಗೂ ನಡುವಿನ ಅರ್ಧ ಜಗಳ ಮುಗಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಪರರ ಲೆಕ್ಕ ಹಾಕಿದವನು ತನ್ನ ಲೆಕ್ಕ ಮುಚ್ಚಿಡಬಾರದು. ಬೆಟಗೇರಿಯಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕ. ಬಣ್ಣ ಹಾಕಿದ ನೂಲನ್ನು ಮೂರು ಸಲ ತೊಳೆಯಬೇಕು. ತಂದೆಯವರ ಕಾಲದಿಂದ ಮೂರೂ ಸಲ ಹೊಸ ನೀರು, ಮೂರೂ ಸಲ ಚರಂಡಿ. ನಾವು ಎಷ್ಟು ನೀರು ಬಳಸುತ್ತೇವೆಂದು ಯಾರಾದರೂ ಕೇಳಿದ್ದರೆ ‘ಬೇಕಾದಷ್ಟು’ ಎಂದಿರುತ್ತಿದ್ದೆ. ಒಂದು ಬೇಸಿಗೆಯಲ್ಲಿ ಟ್ಯಾಂಕರಿನ ಬಿಲ್ಲು ಬಣ್ಣದ ಬಿಲ್ಲನ್ನು ಮೀರಿದಾಗ ಒಳಬರುವ ಪೈಪಿಗೆ ಮೀಟರ್ ಹಾಕಿಸಿದೆ. ಮೊದಲ ವಾರದಲ್ಲಿ ಗೊತ್ತಾದ ಸಂಗತಿಯೆಂದರೆ ಭಾನುವಾರ ರಜೆಯಿದ್ದರೂ ಮೀಟರ್ ತಿರುಗುತ್ತಿತ್ತು. ಮೇಲಿನ ಟ್ಯಾಂಕಿನ ವಾಲ್ವು ಕೆಟ್ಟು ನೀರು ಹಿಂದಿನ ಗೋಡೆಯ ಗುಂಟ ಇಳಿದು ಹೋಗುತ್ತಿತ್ತು. ಅಲ್ಲಿ ಬೆಳೆದಿದ್ದ ಬಾಳೆಗಿಡವನ್ನು ನೋಡಿ ನಾವೆಲ್ಲ ಸಂತೋಷಪಟ್ಟಿದ್ದೆವು. ವಾಲ್ವು ಬದಲಾಯಿತು. ಮೂರನೆಯ ತೊಳೆತದ ನೀರನ್ನು ಹಿಡಿದಿಟ್ಟು ಮುಂದಿನ ನೂಲಿನ ಮೊದಲ ತೊಳೆತಕ್ಕೆ ಬಳಸುವ ಪದ್ಧತಿಯನ್ನು ನಮ್ಮ ಹಳೆಯ ಕೆಲಸಗಾರರೊಬ್ಬರು ಸೂಚಿಸಿದರು. ಗಾಢ ಬಣ್ಣದ ನಂತರ ತಿಳಿ ಬಣ್ಣ ಬಂದರೆ ಇದು ನಡೆಯದು. ಆದ್ದರಿಂದ ತಿಳಿ ಬಣ್ಣಗಳನ್ನು ಬೆಳಿಗ್ಗೆ, ಗಾಢ ಬಣ್ಣಗಳನ್ನು ಮಧ್ಯಾಹ್ನ ತೆಗೆದುಕೊಳ್ಳತೊಡಗಿದೆವು. ಬಂಡವಾಳವೆಂದರೆ ಎರಡು ಟ್ಯಾಂಕು, ಒಂದು ಸಣ್ಣ ಪಂಪು. ಈಗ ಟ್ಯಾಂಕರ್ ಕರೆಸುವ ದಿನಗಳು ಮೊದಲಿನ ಅರ್ಧಕ್ಕಿಂತ ಕಡಿಮೆ.

ಮಳೆಯ ವಿಷಯವೂ ಹೀಗೆಯೇ. ನಮ್ಮ ಭಾಗದಲ್ಲಿ ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ. ಕಡಿಮೆಯೇ, ಆದರೆ ಸೊನ್ನೆಯಲ್ಲ. ಹತ್ತು ಸಾವಿರ ಚದರ ಅಡಿಯ ತಗಡಿನ ಛಾವಣಿಯಿರುವ ಒಂದು ಗೋದಾಮಿನ ಮೇಲೆ ಬಿದ್ದ ಮಳೆಯಲ್ಲಿ ಶೇ. 80ರಷ್ಟನ್ನು ಹಿಡಿದರೂ ವರ್ಷಕ್ಕೆ ನಾಲ್ಕು ಲಕ್ಷ ಲೀಟರಿಗೂ ಮೇಲೆ. ಐದು ಸಾವಿರ ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಎಂಬತ್ತಕ್ಕೂ ಹೆಚ್ಚು. ಗದಗ, ಲಕ್ಷ್ಮೇಶ್ವರ, ಮುಂಡರಗಿ ಮಾರುಕಟ್ಟೆ ಪ್ರಾಂಗಣಗಳಲ್ಲಿ, ಜಿನ್ನಿಂಗ್ ಫ್ಯಾಕ್ಟರಿಗಳಲ್ಲಿ ಇಂಥ ಛಾವಣಿಗಳು ಎಷ್ಟಿವೆಯೆಂದು ಸದಸ್ಯರೇ ಎಣಿಸಲಿ. ಇಡೀ ವರ್ಷದ ನೀರನ್ನು ಕೂಡಿಡುವಷ್ಟು ದೊಡ್ಡ ಹೊಂಡ ಕಟ್ಟುವುದು ಸಣ್ಣ ವ್ಯಾಪಾರಿಗೆ ಹೊರೆ ಎಂಬ ಮಾತು ನ್ಯಾಯವಾದುದು. ಹಾಗಾದರೆ ಹಿಡಿದಷ್ಟು ಹಿಡಿದು ಉಳಿದದ್ದನ್ನು ಬತ್ತಿದ ಕೊಳವೆ ಬಾವಿಯ ಸುತ್ತ ಜಲ್ಲಿಕಲ್ಲು ತುಂಬಿದ ಗುಂಡಿಗೆ ಇಳಿಸಬಹುದು. ಇದು ಸರ್ಕಾರದ ಕೆಲಸ, ನಾವೇಕೆ ಮಾಡಬೇಕು ಎನ್ನುವವರೂ ಇದ್ದಾರೆ. ತೆರಿಗೆ ಕಟ್ಟುವವರು ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಟ್ಯಾಂಕರಿಗೆ ಹಣ ಕೊಡುತ್ತಿರುವವರು ನಾವು, ಸರ್ಕಾರವಲ್ಲ.

ನನ್ನ ಸೂಚನೆ ಸರಳವಾದುದು. ನಮ್ಮ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಜಮಾ-ಖರ್ಚಿನ ಜೊತೆಗೆ ಸದಸ್ಯ ಘಟಕಗಳ ನೀರಿನ ಬಳಕೆಯ ಒಂದು ಪುಟವೂ ಇರಲಿ. ಹೆಸರು ಹಾಕುವುದು ಬೇಡ. ಜಿನ್ನಿಂಗ್, ಎಣ್ಣೆ ಗಿರಣಿ, ಬಣ್ಣದ ಘಟಕ, ಹೋಟೆಲು, ಮುದ್ರಣಾಲಯ ಎಂಬ ವರ್ಗವಾರು ಅಂಕಿ ಸಾಕು. ಅಂಕಿಗಳ ಪರಿಶೀಲನೆಗೆ ಇಲ್ಲಿಯೇ ನಾಗಾವಿಯಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಾಪಕರು, ವಿದ್ಯಾರ್ಥಿಗಳ ಸಹಾಯವನ್ನು ಕೋರಬಹುದು. ಅವರಿಗೂ ಅಧ್ಯಯನಕ್ಕೆ ವಸ್ತುವಾದೀತು. ಎರಡು ವರ್ಷದ ಪಟ್ಟಿ ಕೈಯಲ್ಲಿದ್ದರೆ ನೀರಿನ ದರ, ಸರದಿ, ಕೈಗಾರಿಕಾ ವಸಾಹತಿಗೆ ಶುದ್ಧೀಕರಿಸಿದ ಬಳಸಿದ ನೀರಿನ ಪೂರೈಕೆ ಇವುಗಳ ಬಗ್ಗೆ ಅಧಿಕಾರಿಗಳೆದುರು ಕುಳಿತಾಗ ‘ಜನ ಹೆಚ್ಚಾದರು’ ಎಂಬ ಉತ್ತರವನ್ನು ಕೇಳಿಕೊಂಡು ಎದ್ದು ಬರಬೇಕಾಗುವುದಿಲ್ಲ.

ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವಂತೆ ಗೌರವ ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ. ಪತ್ರದೊಡನೆ ನಮ್ಮ ಘಟಕದ ಕಳೆದ ಹನ್ನೆರಡು ತಿಂಗಳ ಮೀಟರ್ ಪಟ್ಟಿಯನ್ನೂ, ಬಾಳೆಗಿಡದ ಆ ಮೊದಲ ವಾರವನ್ನು ಬಿಡದೆ, ಲಗತ್ತಿಸಿ ಕಳುಹಿಸಿದ್ದೇನೆ.